ಎತ್ತಿನ ಕೀಲಿಗೆ ಜಾಲಿಮುಳ್ಳು: ಕಾಲಿಗೆ ರಬ್ಬರ್ ಕಟ್ಟಿ ಅಲ್ಲೇ ಇಂಜೆಕ್ಷನ್ ಕೊಡುತ್ತಾರಂತೆ, ಮಾಡಿಸಬಹುದಾ?

ಸಿರುಗುಪ್ಪ ಜೋಡೆತ್ತು

ಎಲ್ಲರಿಗೂ ನಮಸ್ಕಾರ. ನಮ್ಮ ಎಡಗೋಲಿನ ಎತ್ತಿಗೆ ಹಿಂದಿನ ಬಲಗಾಲಲ್ಲಿ, ಗೊರಸಿನ ಮೇಲಿನ ಗೆಣ್ಣಿಗೆ ಜಾಲಿಮುಳ್ಳು ಹೊಕ್ಕಿತ್ತು. ಕಾಲುವೆ ಏರಿ ಮೇಲೆ ಮೇಯಲು ಬಿಟ್ಟಾಗ ಆಗಿದ್ದು. ಮುಳ್ಳು ಎಳೆದು ತೆಗೆದೆ, ಅರಿಶಿನ ಹಚ್ಚಿದೆ, ಎರಡು ದಿನ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಕಾಲು ನೆಲಕ್ಕೆ ಊರುತ್ತಿಲ್ಲ. ಗೆಣ್ಣು ತೆಂಗಿನಕಾಯಿ ಆಗಿದೆ, ಮುಟ್ಟಿದರೆ ಕಾದ ಹೆಂಚು.

ಊರಿಗೆ ಬಂದು ಇಂಜೆಕ್ಷನ್ ಹಾಕುವ ಒಬ್ಬರಿಂದ 9 ದಿನ ಹಾಕಿಸಿದೆ, ಎಲ್ಲಾ ಕುತ್ತಿಗೆಗೇ. ನಡುವೆ ಎರಡು ಸಲ ಔಷಧಿ ಬದಲಾಯಿಸಿದರು. ಹಾಕಿದ ದಿನ ಸ್ವಲ್ಪ ಹಗುರ ಕಾಣುತ್ತದೆ, ಮರುದಿನ ಮತ್ತೆ ಮೂರೇ ಕಾಲಲ್ಲಿ ನಿಂತಿರುತ್ತದೆ. ಕೊನೆಗೆ ಗಾಡಿ ಮಾಡಿಕೊಂಡು ಪಶು ಆಸ್ಪತ್ರೆಗೆ ಒಯ್ದೆವು. ಅಲ್ಲಿ ಡಾಕ್ಟರು ಕೂದಲು ಬೋಳಿಸಿ, ತೊಳೆದು, ಕೀಲಿಗೆ ಸೂಜಿ ಹಾಕಿ ಎಳೆದರು. ನೀರು ಮಜ್ಜಿಗೆ ತರ ಬಂತು. ಇನ್ನು ಕುತ್ತಿಗೆಗೆ ಕೊಟ್ಟು ಪ್ರಯೋಜನ ಕಡಿಮೆ, ಕಾಲಿಗೆ ಮೇಲೆ ರಬ್ಬರ್ ಬಿಗಿದು ಕೆಳಗಿನ ನರಕ್ಕೇ ಔಷಧಿ ಕೊಡೋಣ, ಅರ್ಧ ಗಂಟೆ ಹಾಗೇ ಬಿಡೋಣ, ಕೀಲನ್ನೂ ತೊಳೆಯೋಣ ಅಂದರು. ನಾಡಿದ್ದು ಬರಲು ಹೇಳಿದ್ದಾರೆ.

ಅಮ್ಮ ಒಪ್ಪುತ್ತಿಲ್ಲ. ಅರ್ಧ ಗಂಟೆ ರಕ್ತ ನಿಲ್ಲಿಸಿದರೆ ಕಾಲು ಸತ್ತು ಹೋಗುತ್ತದೆ ಅನ್ನುತ್ತಾಳೆ. ಕಾರಹುಣ್ಣಿಮೆ ಹತ್ತಿರ ಬಂತು, ಬಿತ್ತನೆ ಎದುರಿಗಿದೆ. ಯಾರಾದರೂ ಮಾಡಿಸಿದ್ದೀರಾ?

ಹಗರಿ ದಂಡೆ

ಅಣ್ಣ, ಮೊದಲು ಒಂದು ಮಾತು. ಮುಳ್ಳು ಪೂರ್ತಿ ಬಂದಿತ್ತಾ? ತುದಿ ನೋಡಿದ್ದೀರಾ? ನಮ್ಮ ಎಮ್ಮೆಗೂ ಹೀಗೇ ಆಗಿತ್ತು, ಮುಳ್ಳಿನ ತುದಿ ಒಳಗೇ ಮುರಿದಿತ್ತು, ಅದು ಸಿಗುವ ತನಕ ಏನು ಕೊಟ್ಟರೂ ಕೀವು ನಿಲ್ಲಲಿಲ್ಲ. ಇಡೀ ರಾಜ್ಯದವರು ಈ ಗಿಡಕ್ಕೆ ಬಳ್ಳಾರಿ ಜಾಲಿ ಅಂತ ನಮ್ಮ ಜಿಲ್ಲೆ ಹೆಸರನ್ನೇ ಇಟ್ಟಿದ್ದಾರೆ. ಹೆಸರು ಬಂದ ಮೇಲೆ ಮುಳ್ಳೂ ನಮಗೇ ಬರಬೇಕಲ್ಲ.

ಮಸ್ಕಿ ಕಾಕಾ

ತಮ್ಮಾ, ಇಷ್ಟಕ್ಕೆಲ್ಲ ಆಸ್ಪತ್ರೆ ಯಾಕೆ. ನಮ್ಮ ಕಾಲದಲ್ಲಿ ಕುಡುಗೋಲು ಕಾಯಿಸಿ ಗೆಣ್ಣಿನ ಸುತ್ತ ಬರೆ ಎಳೆಯುತ್ತಿದ್ದೆವು. ಎಂಟು ದಿನಕ್ಕೆ ಬಾವು ಇಳಿಯುತ್ತಿತ್ತು. ರಬ್ಬರ್ ಕಟ್ಟೋದು ಹಾವು ಕಡಿದವರಿಗೆ ಅಂತ ಕೇಳಿದ್ದೆ, ಎತ್ತಿಗೆ ಕಟ್ಟಿದ್ದು ಕಾಣೆ.

ಗಂಗಾವತಿ ಪಶುವೈದ್ಯ

ಕಾಕಾ, ದೊಡ್ಡವರು ಅಂತ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಬರೆ ಮಾತ್ರ ಬೇಡ. ನೋವು ಕೊಡುತ್ತದೆ ಅನ್ನೋದು ಒಂದು ಕಡೆ. ಬರೆ ಎಳೆದ ಚರ್ಮದ ಮೇಲೆ ಸೂಜಿ ಹಾಕಿ ಕೀಲಿಗೆ ಹೋಗುವ ಹಾಗಿಲ್ಲ, ಸುಟ್ಟ ಗಾಯದ ಹೊಲಸೇ ಒಳಗೆ ಹೋಗುತ್ತದೆ. ನರ ಹುಡುಕಲೂ ಆಗಲ್ಲ. ನನ್ನ ಹತ್ತಿರ ಬರುವ ಕೀಲುಬಾವಿನ ದನಗಳಲ್ಲಿ ಬರೆ ಹಾಕಿಸಿಕೊಂಡು ಬಂದವಕ್ಕೆ ಮಾಡಲು ಉಳಿದಿರೋದೇ ಕಡಿಮೆ. ನಿಮ್ಮ ಕಾಲದಲ್ಲಿ ಇಳಿದ ಬಾವುಗಳು ಬಹುಶಃ ಉಳುಕಿನವು, ಕೀವಿನವಲ್ಲ.

ಸಿರುಗುಪ್ಪದವರೇ, ನಿಮ್ಮ ಡಾಕ್ಟರು ಹೇಳಿದ್ದು ಸರಿ ಇದೆ. ಸೂಜಿ ಹಾಕಿ ನೀರು ನೋಡಿದರಲ್ಲ, ಅಲ್ಲೇ ಅರ್ಧ ಕೆಲಸ ಆಯಿತು. ಒಳ್ಳೆಯ ಕೀಲಿನ ನೀರು ತಿಳಿ ಹಳದಿ ಇರುತ್ತದೆ, ಎರಡು ಬೆರಳ ನಡುವೆ ಹಿಡಿದರೆ ಲೋಳೆಸರದ ಹಾಗೆ ಎಳೆ ಬರುತ್ತದೆ. ಮಜ್ಜಿಗೆ ತರ ಕದಡಿ, ಎಳೆ ಬರದೆ ತೊಟ್ಟಿಕ್ಕಿದರೆ ಒಳಗೆ ಕೀವು ಅಂತಲೇ ಲೆಕ್ಕ.

ಕುತ್ತಿಗೆ ಇಂಜೆಕ್ಷನ್ ಯಾಕೆ ಸಾಲಲಿಲ್ಲ ಅಂದರೆ, ಕಾಲುವೆಯ ಕೊನೆಯಲ್ಲಿರುವ ಟೇಲ್ ಎಂಡ್ ರೈತರಿಗೆ ಇದನ್ನು ನಾನು ಹೇಳಿಕೊಡಬೇಕಾ? ಡ್ಯಾಮಿನಲ್ಲಿ ನೀರು ಬಿಟ್ಟಿದ್ದಾರೆ, ಪೇಪರಿನಲ್ಲೂ ಬಂದಿದೆ, ಆದರೆ ನಿಮ್ಮ ಹೊಲಕ್ಕೆ ಬರೋದು ಎಷ್ಟು? ಕುತ್ತಿಗೆಗೆ ಕೊಟ್ಟ ಔಷಧಿ 400 ಕಿಲೋ ಮೈಗೆಲ್ಲ ಹಂಚಿ ಹೋಗಿ, ಕೊನೆಗೆ ಗೆಣ್ಣಿಗೆ ತಲುಪಬೇಕು. ಬಾವಿನ ಶುರುವಿನಲ್ಲಿ ತಲುಪುತ್ತದೆ ಕೂಡ, ಮೊದಲ ಒಂದೆರಡು ದಿನದಲ್ಲಿ ಬಂದಿದ್ದರೆ ಕುತ್ತಿಗೆ ಇಂಜೆಕ್ಷನ್ನಿಗೇ ಬಗೆಹರಿಯುತ್ತಿತ್ತೇನೋ. ಆಮೇಲೆ ಕೀಲಿನೊಳಗೆ ಮೊಸರಿನ ಹೆಪ್ಪಿನಂಥ ಗಡ್ಡೆ ಕೂರುತ್ತದೆ. ದನಗಳಲ್ಲಿ ಇದು ಬಲು ಬೇಗ. ಆ ಹೆಪ್ಪಿನೊಳಗೆ ರಕ್ತನಾಳ ಇಲ್ಲ, ರೋಗಾಣು ಅದರಲ್ಲಿ ಬೆಚ್ಚಗೆ ಮಲಗಿರುತ್ತದೆ, ಸುತ್ತ ಹರಿಯುವ ಔಷಧಿ ಸುತ್ತಲೇ ಹೋಗುತ್ತದೆ.

ರಬ್ಬರ್ ಪಟ್ಟಿ ಅಂದರೆ ಕಾಲುವೆಗೆ ಅಡ್ಡ ಕಟ್ಟಿ ನಿಮ್ಮ ಒಂದೇ ಹೊಲ ತುಂಬಿಸಿದ ಹಾಗೆ. ಪಟ್ಟಿಯ ಕೆಳಗೆ ರಕ್ತ ನಿಂತಿರುತ್ತದೆ, ಅಲ್ಲಿನ ರಕ್ತನಾಳಕ್ಕೆ ಔಷಧಿ ಬಿಟ್ಟರೆ ಬೇರೆ ಕಡೆ ಹೋಗಲು ದಾರಿ ಇಲ್ಲ, ಕೀಲಿನೊಳಕ್ಕೆ ಜಿನುಗುತ್ತದೆ. ಕುತ್ತಿಗೆಗೆ ಕೊಟ್ಟಾಗ ಸಿಗೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಔಷಧಿ ಅಲ್ಲಿ ಸಿಗುತ್ತದೆ.

ಸಿರುಗುಪ್ಪ ಜೋಡೆತ್ತು

ಟೇಲ್ ಎಂಡ್ ಲೆಕ್ಕ ಅಮ್ಮನಿಗೆ ಓದಿ ಹೇಳಿದೆ, ನಕ್ಕಳು. ಆದರೆ ಪ್ರಶ್ನೆ ಬಿಟ್ಟಿಲ್ಲ. ಅರ್ಧ ಗಂಟೆ ರಕ್ತ ನಿಂತರೆ ಏನೂ ಆಗಲ್ವಾ ಸರ್? ಮತ್ತೆ ಇದನ್ನು ಕಲಿತು ನಾವೇ ಮನೆಯಲ್ಲಿ ಮಾಡಬಹುದಾ, ದಿನಾ ಗಾಡಿ ಬಾಡಿಗೆ ಕಷ್ಟ.

ಗಂಗಾವತಿ ಪಶುವೈದ್ಯ

ಆಗಲ್ಲ. ಮನುಷ್ಯರ ಮೊಣಕಾಲು ಆಪರೇಷನ್ನಿನಲ್ಲಿ ತೊಡೆಗೆ ಇಂಥದೇ ಪಟ್ಟಿ ಬಿಗಿದು ಒಂದೂವರೆ, ಎರಡು ಗಂಟೆ ಇಡುತ್ತಾರೆ. ನಮ್ಮದು 20ರಿಂದ 30 ನಿಮಿಷ. ಗಡಿಯಾರ ನೋಡಿಕೊಂಡು, ನಿಧಾನಕ್ಕೆ ಸಡಿಲಿಸುತ್ತೇವೆ. ಕಾಲು ಸಾಯೋದು ಯಾರೋ ಹಗ್ಗ ಕಟ್ಟಿ ರಾತ್ರಿಯೆಲ್ಲ ಮರೆತಾಗ.

ಮನೆಯಲ್ಲಿ ಮಾತ್ರ ಖಂಡಿತ ಬೇಡ. ಅದಕ್ಕೇ ಯಾವ ಔಷಧಿ ಎಷ್ಟು ಮಿಲಿ ಅಂತ ಇಲ್ಲಿ ನಾನು ಬರೆಯಲ್ಲ. ಬರೆದರೆ ನಾಳೆ ಯಾರೋ ಸೈಕಲ್ ಟ್ಯೂಬ್ ಹಿಡಿದು ಕೊಟ್ಟಿಗೆಗೆ ಇಳಿಯುತ್ತಾರೆ. ಮೆಡಿಕಲ್ಲಿನಲ್ಲಿ ಸಿಗುವ ಬಿಳಿ ಹಾಲಿನಂಥ ಪೆನ್ಸಿಲಿನ್, ಮೂರು ದಿನಕ್ಕೊಮ್ಮೆ ಕೊಡುವ ಲಾಂಗ್ ಆಕ್ಟಿಂಗ್, ಇವೆಲ್ಲ ಮಾಂಸಖಂಡಕ್ಕೆ ಮಾತ್ರ. ನರಕ್ಕೆ ಹೋದರೆ ಎತ್ತು ಕಣ್ಣೆದುರೇ ಬೀಳಬಹುದು. ನೀರಿನ ಹಾಗೆ ತಿಳಿಯಾಗಿ ಕರಗುವ, ನರಕ್ಕೆ ಕೊಡಬಹುದಾದ ಔಷಧಿಯೇ ಆಗಬೇಕು. ಪಟ್ಟಿ ಸಡಿಲ ಇದ್ದರೆ ಔಷಧಿ ಮೇಲಕ್ಕೆ ಸೋರಿ ಹೋಗುತ್ತದೆ, ಮಾಡಿದ್ದೂ ದಂಡ. ಹಿಂಗಾಲಿನಲ್ಲಿ ನಳಿಗೆಯ ಪಕ್ಕದ ತೋಡಿನಲ್ಲಿ ಬ್ಯಾಂಡೇಜ್ ಸುರುಳಿ ಇಟ್ಟು ಅದರ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ಗಟ್ಟಿ ನರಕ್ಕೂ (ಸ್ನಾಯುರಜ್ಜು) ಎಲುಬಿಗೂ ನಡುವೆ ಅಡಗಿರುವ ರಕ್ತನಾಳ ಒತ್ತಿ ಮುಚ್ಚುವುದೇ ಇಲ್ಲ.

ಇನ್ನೊಂದು ಮುಖ್ಯ ಮಾತು ಬಿಟ್ಟಿದ್ದೆ. ಹೂಳು ತೆಗೆಯದೆ ನೀರು ತುಂಬಿಸಿ ಏನು ಮಾಡುತ್ತೀರಿ? ನಮ್ಮ ತುಂಗಭದ್ರಾ ಡ್ಯಾಮಿನ ಕತೆಯೇ ಆಗುತ್ತದೆ. ನನ್ನ ಮಟ್ಟಿಗೆ ಕೀಲು ತೊಳೆಯೋದು ಔಷಧಿಗಿಂತ ದೊಡ್ಡ ಕೆಲಸ. ಒಂದು ಕಡೆ ದಪ್ಪ ಸೂಜಿ, ಎದುರು ಕಡೆ ಇನ್ನೊಂದು. ಒಂದರಲ್ಲಿ ಸಲೈನ್ ಒತ್ತಿ ಬಿಟ್ಟರೆ ಇನ್ನೊಂದರಲ್ಲಿ ಕೀವು ಸಮೇತ ಹೊರಗೆ. ಒಂದು ಲೀಟರ್ ಆದರೂ ಬೇಕು, ತಿಳಿ ಬರುವ ತನಕ. ಹೆಪ್ಪು ಸೂಜಿಗೆ ಸಿಕ್ಕಿಕೊಂಡು ಹರಿಯದೇ ಹೋದರೆ ಕೀಲನ್ನು ಸಣ್ಣಗೆ ಕೊಯ್ದು ತೆಗೆಯಬೇಕಾಗುತ್ತದೆ. ಮುಳ್ಳಿನ ತುದಿ ಏನಾದರೂ ಇದ್ದರೆ ಅದೂ ಆಗಲೇ ಸಿಗಬೇಕು, ಯಾಕೆಂದರೆ ಕಟ್ಟಿಗೆ, ಮುಳ್ಳು ಎಕ್ಸ್‌ರೇಯಲ್ಲಿ ಕಾಣಲ್ಲ. ಹಗರಿ ದಂಡೆಯವರು ಕೇಳಿದ ಪ್ರಶ್ನೆ ನಿಮ್ಮ ಡಾಕ್ಟರಿಗೆ ತಪ್ಪದೆ ಹೇಳಿ.

ಕುಷ್ಟಗಿ ಹೈನು

ಇದನ್ನೆಲ್ಲ ಓದಿ ಹೊಟ್ಟೆ ಉರಿಯಿತು. ಹೋದ ವರ್ಷ ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಆಕಳಿನ ಹೆಣ್ಣು ಕರು, 12 ದಿನದ್ದು, ಎರಡೂ ಮುಂಗಾಲಿನ ಮಂಡಿ ಊದಿ ಮೊಣಕಾಲ ಮೇಲೆ ತೆವಳುತ್ತಿತ್ತು. ಒಬ್ಬರು ನೋಡಿ ವಾತ ಅಂದರು. ಇನ್ನೊಬ್ಬರು ಕ್ಯಾಲ್ಸಿಯಂ ಕಡಿಮೆ ಅಂದರು. ಬಾಟಲಿ ಬಾಟಲಿ ಕ್ಯಾಲ್ಸಿಯಂ ಕುಡಿಸಿದೆ. ಆಮೇಲೆ ಯಾರೋ ಬಾವು ಇಳಿಯಲಿ ಅಂತ ಸ್ಟಿರಾಯ್ಡ್ ಕೊಟ್ಟರು, ಎರಡು ದಿನ ಎದ್ದು ಓಡಾಡಿತು, ನಾವೂ ಖುಷಿಪಟ್ಟೆವು. ಮೂರನೇ ದಿನ ಹಿಂಗಾಲಿನ ಕೀಲೂ ಊದಿತು. ಉಳಿಯಲಿಲ್ಲ. ರಬ್ಬರ್ ಕಟ್ಟಿ ಕೊಟ್ಟಿದ್ದರೆ ಉಳಿಯುತ್ತಿತ್ತಾ ಸರ್? ನಿಜ ಹೇಳಿ, ಸಮಾಧಾನಕ್ಕೆ ಬೇಡ.

ಗಂಗಾವತಿ ಪಶುವೈದ್ಯ

ಅಕ್ಕ, ನಿಜ ಹೇಳಬೇಕೆಂದರೆ ಕಷ್ಟ ಇತ್ತು. ಎತ್ತಿನ ವಿಷಯ ಬೇರೆ, ಕರುವಿನ ವಿಷಯ ಬೇರೆ. ಎತ್ತಿಗೆ ಮುಳ್ಳು ಹೊರಗಿನಿಂದ ಒಂದೇ ಕೀಲಿಗೆ ಹೋಗಿದೆ. ಕರುವಿಗೆ ರೋಗ ರಕ್ತದಲ್ಲೇ ಇರುತ್ತದೆ, ಕೀಲುಗಳು ಅದು ಹೋಗಿ ಕೂತ ಜಾಗ ಅಷ್ಟೇ. ಮೂರು ನಾಲ್ಕು ಕೀಲಿಗೆ ಬಂದ ಮೇಲೆ ಎಷ್ಟು ಕಾಲಿಗೆ ರಬ್ಬರ್ ಕಟ್ಟೋದು? ಅಂಥ ಕರುವಿಗೆ ಕುತ್ತಿಗೆ ಇಂಜೆಕ್ಷನ್ನೇ ಮುಖ್ಯ, ಅದೂ ಎರಡು ಮೂರು ವಾರ ಬಿಡದೆ, ಜೊತೆಗೆ ಕೀಲು ತೊಳೆಯೋದು. ಸ್ಟಿರಾಯ್ಡ್ ಬಾವು ಇಳಿಸುತ್ತದೆ, ಮೈಯ ಕಾವಲನ್ನೂ ಇಳಿಸುತ್ತದೆ. ಕೀವು ಇರುವ ಕೀಲಿಗೆ ಅದು ಬೇಡ.

ಒಂದು ಕೇಳಲಾ, ಹೊಕ್ಕುಳು ಹೇಗಿತ್ತು? ದಪ್ಪಗೆ, ಒದ್ದೆ ಇತ್ತಾ?

ಕುಷ್ಟಗಿ ಹೈನು

ಇತ್ತು ಸರ್. ಹೆಬ್ಬೆರಳು ದಪ್ಪ. ವಾಸನೆಯೂ ಬರುತ್ತಿತ್ತು. ಅದಕ್ಕೂ ಕಾಲಿಗೂ ಸಂಬಂಧ ಇದೆ ಅಂತ ಒಬ್ಬರೂ ಹೇಳಲಿಲ್ಲ. ಗಿಣ್ಣದ ಹಾಲು ಮಾತ್ರ ಜಾಸ್ತಿ ಕುಡಿಸಿದರೆ ಬೇಧಿ ಆಗುತ್ತದೆ ಅಂತ ಅತ್ತೆ ಮರುದಿನ ಕುಡಿಸಿದ್ದರು.

ಬೀದರ್ ಹಾಸ್ಟೆಲ್

ಅಕ್ಕ, ನಾನು ರಾಯಚೂರಿನವನು, ಬೀದರಿನಲ್ಲಿ ಪಶುವೈದ್ಯಕೀಯ ಕೊನೆ ವರ್ಷ ಓದುತ್ತಿದ್ದೇನೆ. ನಮ್ಮ ಮನೆಯಲ್ಲೂ ಗಿಣ್ಣ ಮೊದಲು ದೇವರಿಗೆ, ಆಮೇಲೆ ಪಕ್ಕದ ಮನೆಗೆ, ಕೊನೆಗೆ ಕರುವಿಗೆ. ಕರು ಹುಟ್ಟಿದಾಗ ಅದರ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ಗಿಣ್ಣದಿಂದಲೇ ಬರಬೇಕು. ಅದನ್ನು ಹಾಗೇ ಹೀರಿಕೊಳ್ಳುವ ಬಾಗಿಲು ಕರುಳಿನಲ್ಲಿ 24 ಗಂಟೆಯೊಳಗೆ ಮುಚ್ಚಿ ಹೋಗುತ್ತದೆ, ಮೊದಲ 6 ಗಂಟೆ ಬಂಗಾರ. ಕರುವಿನ ತೂಕದ ಹತ್ತರಲ್ಲಿ ಒಂದು ಪಾಲು ಗಿಣ್ಣ, 30 ಕಿಲೋ ಕರು ಅಂದರೆ 3 ಲೀಟರ್. ಹೊಕ್ಕುಳಿಗೆ ಹುಟ್ಟಿದ ಕೂಡಲೇ ಟಿಂಚರ್ ಅಯೋಡಿನ್, ಅದ್ದಿ ತೆಗೆಯೋದು, ಮೇಲೆ ಸವರೋದಲ್ಲ.

ರಬ್ಬರ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಇದು ಹೊಸದಲ್ಲ. ಜರ್ಮನಿಯ ಆಗಸ್ಟ್ ಬಿಯರ್ ಅನ್ನುವ ಸರ್ಜನ್ 1908ರಲ್ಲೇ ಮನುಷ್ಯರ ಕೈಗೆ ಪಟ್ಟಿ ಬಿಗಿದು, ರಕ್ತನಾಳಕ್ಕೆ ಮರಗಟ್ಟಿಸುವ ಔಷಧಿ ಕೊಟ್ಟು ಆಪರೇಷನ್ ಮಾಡಿದ್ದರು. ದನದ ಗೊರಸಿನ ಆಪರೇಷನ್ನಿಗೆ ಇಂದಿಗೂ ಅದೇ ವಿಧಾನ. ಅದೇ ದಾರಿಯಲ್ಲಿ ಆಂಟಿಬಯೋಟಿಕ್ ಕಳಿಸುತ್ತಾರೆ ಅಷ್ಟೇ. ಒಂದೇ ಸಲ ಎರಡೂ ಕೊಟ್ಟರೆ ಕಾಲೂ ಮರಗಟ್ಟುತ್ತದೆ, ತೊಳೆಯಲೂ ಸುಲಭ. ಮೂಳೆ ಸಿಮೆಂಟಿನಲ್ಲಿ ಆಂಟಿಬಯೋಟಿಕ್ ಕಲಸಿ ಮಣಿ ಮಾಡಿ ಕೀಲಿನ ಹತ್ತಿರ ಹುದುಗಿಸುವ ವಿಧಾನವೂ ಇದೆ, ದಿನಗಟ್ಟಲೆ ಔಷಧಿ ಜಿನುಗುತ್ತಿರುತ್ತದೆ.

ಮಸ್ಕಿ ಕಾಕಾ

ಎತ್ತಿನ ಕೊರಳಿಗೆ ಮಣಿಸರ ಕಟ್ಟಿದ್ದೆ, ಕೀಲಿಗೂ ಮಣಿ ಕಟ್ಟುತ್ತಾರೆ ಅಂತ ಈಗ ಕೇಳಿದೆ. ಇರಲಿ. ನಾನು ಒಂದು ಕೇಳುತ್ತೇನೆ, ಇಷ್ಟೆಲ್ಲ ಸುತ್ತು ಯಾಕೆ? ಸೂಜಿ ಕೀಲಿಗೇ ಹಾಕಿದ ಮೇಲೆ ಔಷಧಿಯನ್ನೂ ಅಲ್ಲೇ ಬಿಟ್ಟರೆ ಮುಗಿಯಿತಲ್ಲ?

ಗಂಗಾವತಿ ಪಶುವೈದ್ಯ

ಕಾಕಾ, ಪಾಯಿಂಟ್ ಹಿಡಿದಿರಿ. ತೊಳೆದು ಮುಗಿದ ಮೇಲೆ ಕೊನೆಗೆ ಕೀಲಿನೊಳಗೆ ಬಿಡುವುದೂ ಉಂಟು, ನಾನೂ ಬಿಡುತ್ತೇನೆ. ತೊಡಕು ಎರಡು. ಕೆಲವು ಔಷಧಿ ಕೀಲಿನ ಪೊರೆಯನ್ನು ಕೆರಳಿಸಿ ತಾನೇ ಬಾವು ತರಿಸುತ್ತದೆ. ಎನ್ರೋಫ್ಲಾಕ್ಸಾಸಿನ್ ಅಂಥವು ಎಳೆ ಕರುವಿನ ಕೀಲಿನ ಮೃದು ಎಲುಬನ್ನೇ ಕೆಡಿಸುತ್ತವೆ. ಜೊತೆಗೆ, ಕೀಲಿನ ನೀರಿನಲ್ಲಿ ಬಿಟ್ಟಿದ್ದು ನೀರಿನಲ್ಲೇ ಉಳಿಯುತ್ತದೆ, ಸುತ್ತಲಿನ ಎಲುಬು, ಪೊರೆಯ ಆಳಕ್ಕೆ ರಕ್ತದ ದಾರಿಯಲ್ಲಿ ಹೋದಷ್ಟು ಹೋಗಲ್ಲ. ಗೊರಸಿನ ಕಡೆ ರೋಗ ಎಲುಬಿಗೂ ಇಳಿದಿರುವುದು ಜಾಸ್ತಿ. ಅದಕ್ಕೇ ರಬ್ಬರ್ ಮೇಲೆ ನನಗೆ ನಂಬಿಕೆ. ಆದರೆ ಹಿಮ್ಮಡಿ, ಮುಂಗಾಲ ಮಂಡಿ, ಅದರ ಕೆಳಗೆ ಮಾತ್ರ. ತೊಡೆ ಕೀಲಿಗೆ, ಭುಜಕ್ಕೆ ಎಲ್ಲಿ ಕಟ್ಟುತ್ತೀರಿ?

ಕಾರಟಗಿ ಭತ್ತ

ನಮ್ಮ ಆಕಳಿಗೂ ಮುಂಗಾಲ ಮಂಡಿ ಮೇಲೆ ಕಿತ್ತಳೆ ಹಣ್ಣಿನಷ್ಟು ಬಾವು ಇದೆ. ಕುಂಟಲ್ಲ, ಮೇವು ತಿನ್ನುತ್ತದೆ, ಹಾಲೂ ಕೊಡುತ್ತದೆ. ಒತ್ತಿದರೆ ಮೆತ್ತಗೆ. ಸೂಜಿ ಹಾಕಿ ನೀರು ತೆಗೆದು ಔಷಧಿ ಬಿಡಬಹುದಾ?

ಗಂಗಾವತಿ ಪಶುವೈದ್ಯ

ಮುಟ್ಟಬೇಡಿ. ಕುಂಟದ ದನದ ಮಂಡಿ ಮುಂದಿನ ಮೆತ್ತನೆ ಬಾವು ಸಾಮಾನ್ಯವಾಗಿ ಕೀಲಿನೊಳಗಿನದಲ್ಲ. ಗಟ್ಟಿ ಸಿಮೆಂಟ್ ನೆಲದ ಮೇಲೆ ಮಲಗೆದ್ದು ಚರ್ಮದಡಿ ತುಂಬುವ ನೀರು. ಸೂಜಿ ಹಾಕಿದರೆ ನೀವೇ ಕೀವು ಮಾಡಿಸಿದ ಹಾಗೆ. ಅದಕ್ಕಿಂತ ಮುಖ್ಯ, ಬ್ರುಸೆಲ್ಲಾ ಕಾಯಿಲೆಯಲ್ಲೂ ಇದೇ ಜಾಗದಲ್ಲಿ ಬಾವು ಬರುತ್ತದೆ, ಆ ನೀರಿನಲ್ಲಿ ರೋಗಾಣು ಇರುತ್ತದೆ, ಮನುಷ್ಯರಿಗೂ ಹತ್ತುತ್ತದೆ. ಆಕಳು ಯಾವಾಗಾದರೂ ಕಂದು ಹಾಕಿತ್ತಾ? ಹಾಕಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಹಾಲು ಚೆನ್ನಾಗಿ ಕಾಯಿಸದೆ ಯಾರಿಗೂ ಕೊಡಬೇಡಿ.

ಕಾರಟಗಿ ಭತ್ತ

ಹೋದ ಸಲ ಏಳು ತಿಂಗಳಿಗೆ ಹಾಕಿತ್ತು ಸರ್. ನಾಳೆಯೇ ಹೋಗುತ್ತೇನೆ. ಇನ್ನೊಂದು, ಈ ರಬ್ಬರ್ ಇಂಜೆಕ್ಷನ್ ಹಾಲು ಕೊಡುವ ಆಕಳಿಗೆ ಕೊಟ್ಟರೆ ಹಾಲು ಡೈರಿಗೆ ಹಾಕಬಹುದಾ? ಕಾಲಿಗಷ್ಟೇ ಕೊಟ್ಟಿದ್ದಲ್ವಾ?

ಗಂಗಾವತಿ ಪಶುವೈದ್ಯ

ಪಟ್ಟಿ ಬಿಚ್ಚಿದ ಮೇಲೆ ಉಳಿದ ಔಷಧಿ ಮೈಗೆಲ್ಲ ಹರಡುತ್ತದೆ, ಕೆಚ್ಚಲಿಗೂ ಬರುತ್ತದೆ. ಬಾಟಲಿ ಮೇಲೆ ಹಾಲು ಮಾರದೆ ಕಾಯುವ ಅವಧಿ ಸೊನ್ನೆ ದಿನ ಅಂತ ಬರೆದಿದ್ದರೂ ಅದು ಮಾಂಸಖಂಡಕ್ಕೋ ಚರ್ಮದಡಿಗೋ ಕೊಟ್ಟಾಗಿನ ಲೆಕ್ಕ, ಹೀಗೆ ಕೊಟ್ಟಾಗಿನದಲ್ಲ. ಲೇಬಲ್ಲಿನಲ್ಲಿ ಪಕ್ಕಾ ಅವಧಿ ಇಲ್ಲದ ಔಷಧಿಗೆ ನಮ್ಮ ದೇಶದ ನಿಯಮದಲ್ಲಿ ಹಾಲಿಗೆ ಕಡಿಮೆ ಅಂದರೂ 7 ದಿನ, ಮಾಂಸಕ್ಕೆ 28 ದಿನ ಇದೆ. ನಾನು ಅದನ್ನೇ ಹೇಳುತ್ತೇನೆ. ಜೆಂಟಾಮೈಸಿನ್ ಆದರೆ ಇನ್ನೂ ಕಷ್ಟ, ಅದು ಮೂತ್ರಪಿಂಡದಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ, ದನಕ್ಕೆ ನಾನು ಬಳಸಲ್ಲ.

ಕುಷ್ಟಗಿ ಹೈನು

ಔಷಧಿ ಇರುವ ಹಾಲು ಹೆಪ್ಪು ಹಾಕಿದರೆ ಮೊಸರಾಗಲ್ಲ, ನಾನೇ ನೋಡಿದ್ದೇನೆ. ಎಮ್ಮೆಗೆ ಇಂಜೆಕ್ಷನ್ ಕೊಟ್ಟ ವಾರ ಮೂರು ಸಲ ಹೆಪ್ಪು ಕೆಟ್ಟಿತ್ತು, ನಾನು ಹೆಪ್ಪನ್ನು ಬೈದುಕೊಂಡಿದ್ದೆ.

ಹಗರಿ ದಂಡೆ

ಎಲ್ಲಾ ಸರಿ ಡಾಕ್ಟ್ರೇ, ಆದರೆ ಒಂದು ಕಟು ಮಾತು. ಇಷ್ಟು ಮಾಡಿಯೂ ಎತ್ತು ಮತ್ತೆ ನೊಗ ಹೊರುತ್ತದಾ? ಇಲ್ಲದಿದ್ದರೆ ಬಡವ ಸಾಲ ಮಾಡಿ ಕುಂಟೆತ್ತು ಸಾಕಿದ ಹಾಗೆ.

ಗಂಗಾವತಿ ಪಶುವೈದ್ಯ

ಎಲ್ಲವೂ ಹೊರಲ್ಲ. ಮೊದಲ ವಾರದಲ್ಲಿ ತೊಳೆದವು ಬಹಳಷ್ಟು ಸುಧಾರಿಸುತ್ತವೆ. ಎರಡನೇ ವಾರ ಅರೆಬರೆ. ಮೂರು ವಾರ ಕಳೆದು ಎಲುಬು ತಿಂದು ಹೋಗಿದ್ದರೆ ನಾನೇ ಬೇಡ ಅನ್ನುತ್ತೇನೆ, ಸುಮ್ನೆ ದುಡ್ಡು ಕಳೆಯಬೇಡಿ ಅಂತ. ಎಕ್ಸ್‌ರೇಯಲ್ಲಿ ಎಲುಬಿನ ಹಾಳು ಕಾಣಲು ಹತ್ತು ಹದಿನೈದು ದಿನ ಬೇಕು, ಹಾಗಾಗಿ ಶುರುವಿನ ಎಕ್ಸ್‌ರೇ ಚೆನ್ನಾಗಿದೆ ಅಂತ ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ. ರೋಗ ಗೊರಸಿನೊಳಗಿನ ಕೀಲಿಗೆ ಮಾತ್ರ ಇದ್ದರೆ ಒಂದು ಬೆರಳು ತೆಗೆದು ಇನ್ನೊಂದರ ಮೇಲೆ ನಡೆಸಬಹುದು. ಗೆಣ್ಣು ಆದರೆ ಆ ದಾರಿ ಇಲ್ಲ. ಸಿರುಗುಪ್ಪದವರದು 12ನೇ ದಿನ ಅಂತ ಲೆಕ್ಕ. ನಾನಾಗಿದ್ದರೆ ಮಾಡುತ್ತಿದ್ದೆ.

ಜೋಡೆತ್ತಿನವರೇ, ಹೋಗುವ ಹಿಂದಿನ ರಾತ್ರಿಯಿಂದ ಮೇವು ಹಾಕಬೇಡಿ. ಹೊಟ್ಟೆ ತುಂಬಿದ ಎತ್ತನ್ನು ಕೆಡವಿದರೆ ಉಬ್ಬರ ಬರುತ್ತದೆ.

ಸಿರುಗುಪ್ಪ ಜೋಡೆತ್ತು

ಆರು ದಿನ ಆಯಿತು, ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮಾಡಿಸಿದೆವು.

ಎತ್ತು ಕೆಡವಲು ಆಸ್ಪತ್ರೆಯಲ್ಲಿ ಜನ ಇರಲಿಲ್ಲ, ನಮ್ಮೂರಲ್ಲಿ ಲಾಳ ಹೊಡೆಯುವವರನ್ನೇ ಕರೆದುಕೊಂಡು ಹೋದೆ. ಎರಡು ಹಗ್ಗದಲ್ಲಿ ಮೆತ್ತಗೆ ಮಲಗಿಸಿದರು, ಡಾಕ್ಟರೇ ನೋಡಿ ಖುಷಿಪಟ್ಟರು. ರಬ್ಬರ್ ಬಿಗಿದರು, ಪಕ್ಕದ ನರಕ್ಕೆ ಸಣ್ಣ ಸೂಜಿ. ಹತ್ತು ನಿಮಿಷಕ್ಕೆ ಎತ್ತು ಒದೆಯೋದು ನಿಲ್ಲಿಸಿತು. ಆಮೇಲೆ ತೊಳೆಯೋದು. ಮೊದಲ ಬಾಟಲಿ ಸಲೈನ್ ಅರ್ಧಕ್ಕೇ ಸಿಕ್ಕಿಕೊಂಡಿತು, ಹೆಪ್ಪು. ಕೊಯ್ದರು. ಒಳಗಿಂದ ಮೊಸರಿನ ಗಡ್ಡೆ ತರ ಬಂತು, ಅದರ ಜೊತೆ ಅಕ್ಕಿ ಕಾಳಿನಷ್ಟು ಕರಿ ಚೂರು. ಮುಳ್ಳಿನ ತುದಿ. ಹಗರಿ ದಂಡೆ ಅಣ್ಣ, ನಿಮಗೆ ಕೈ ಮುಗಿಯಬೇಕು. ನಾನು ಪೂರ್ತಿ ತೆಗೆದಿದ್ದೇನೆ ಅಂತಲೇ ಎಲ್ಲರಿಗೂ ಹೇಳುತ್ತಿದ್ದೆ.

ಅಮ್ಮ ಗಡಿಯಾರ ಹಿಡಿದೇ ನಿಂತಿದ್ದಳು. 25 ನಿಮಿಷಕ್ಕೆ ಬಿಚ್ಚಿದರು. ಗೊರಸಿನ ಮೇಲಿನ ಚರ್ಮ ಮತ್ತೆ ಬೆಚ್ಚಗಾಗುವ ತನಕ ಅವಳು ಕೈ ತೆಗೆಯಲಿಲ್ಲ.

ದಿನ ಬಿಟ್ಟು ದಿನ ಮೂರು ಸಲ ಆಯಿತು. ಕುತ್ತಿಗೆ ಇಂಜೆಕ್ಷನ್ನೂ ಜೊತೆಗೆ ನಡೆದಿದೆ. ನೋವಿಗೆ ಮೆಲಾಕ್ಸಿಕ್ಯಾಮ್. ನಮ್ಮ ಚಿಕ್ಕಪ್ಪ ಮನುಷ್ಯರ ಡೈಕ್ಲೋಫೆನಾಕ್ ತಂದಿದ್ದರು, ಡಾಕ್ಟರು ಬೈದು ಕಳಿಸಿದರು, ರಣಹದ್ದು ಸಾಯುತ್ತವೆ ಅಂತ ದನಗಳಿಗೆ ಅದನ್ನು 2006ರಲ್ಲೇ ನಿಲ್ಲಿಸಿದ್ದಾರಂತೆ. ಈಗ ನಿಂತಾಗ ಕಾಲು ನೆಲಕ್ಕೆ ಊರುತ್ತಿದೆ. ನಡೆದರೆ ಇನ್ನೂ ಕುಂಟು. ಬಾವು ತೆಂಗಿನಕಾಯಿಯಿಂದ ನಿಂಬೆಹಣ್ಣಿಗೆ ಅಂತ ಹೇಳಲಾರೆ, ಮೂಸಂಬಿ ಅನ್ನಬಹುದು.

ಕಾರಹುಣ್ಣಿಮೆಗೆ ಕರಿ ಹರಿಯಲು ಬಲಗೋಲಿನದು ಒಂದೇ ಹೋಯಿತು. ಇದಕ್ಕೆ ಕೊಟ್ಟಿಗೆಯಲ್ಲೇ ಕೋಡಿಗೆ ಬಣ್ಣ ಹಚ್ಚಿದೆವು. ಬಿತ್ತನೆಗೆ ಟ್ರ್ಯಾಕ್ಟರ್ ಹೇಳಿದ್ದೇನೆ.

ಮಸ್ಕಿ ಕಾಕಾ

ಮೂಸಂಬಿ ಆದರೂ ಪರವಾಗಿಲ್ಲ ತಮ್ಮಾ. ಬರೆ ಮಾತು ವಾಪಸ್ ತಗೊಂಡೆ, ಪೂರ್ತಿ ಅಲ್ಲ, ಈ ಎತ್ತಿನ ಮಟ್ಟಿಗೆ.

ಸಿರುಗುಪ್ಪ ಜೋಡೆತ್ತು

ಒಂದು ಕೊನೆ ಪ್ರಶ್ನೆ ಸರ್. ಕೊಯ್ದ ಗಾಯಕ್ಕೆ ಪಟ್ಟಿ ಇದೆ, ಆದರೆ ನಮ್ಮ ಕೊಟ್ಟಿಗೆ ಎರೆ ಮಣ್ಣಿನದು, ನಿನ್ನೆ ಮಳೆ ಬಂದು ರಾಡಿ ಆಗಿದೆ. ಎಲ್ಲಿ ಕಟ್ಟಲಿ?

ಗಂಗಾವತಿ ಪಶುವೈದ್ಯ

ರಾಡಿಯಲ್ಲಿ ಬೇಡವೇ ಬೇಡ, ಮಾಡಿದ್ದೆಲ್ಲ ಹಾಳಾಗುತ್ತದೆ. ಮನೆ ಪಡಸಾಲೆಯಲ್ಲಿ ಜಾಗ ಇದ್ದರೆ ಅಲ್ಲೇ ಕಟ್ಟಿ, ಕೆಳಗೆ ಒಣ ಭತ್ತದ ಹುಲ್ಲು ಗೇಣುದ್ದ ಹಾಕಿ, ದಿನಾ ಬದಲಿಸಿ. ಪಟ್ಟಿ ಒದ್ದೆ ಆದರೆ ಮರುದಿನದವರೆಗೆ ಕಾಯಬೇಡಿ. ಗಾಡಿ ಸಿಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಚಿಕಿತ್ಸಾ ಗಾಡಿ ಕಳಿಸಲು ಕೇಳಿ.

ಸಿರುಗುಪ್ಪ ಜೋಡೆತ್ತು

ಪಡಸಾಲೆಗೆ ತಂದಾಯಿತು. ಅಮ್ಮನ ಮಂಚ ಒಳಗೆ ಹೋಯಿತು.